ಒಂದೇ ಬಾಯಿ

ಕಾಲೇಜಿನ ಮ್ಯೂಸಿಯಮ್ಮಿನ ಕೀಲಿಕೈ ಇಪ್ಪತ್ತೆರಡು ವರ್ಷದಿಂದ
ನನ್ನ ಸೊಂಟದಲ್ಲಿದೆ. ಪ್ರೊಫೆಸರುಗಳು ಬದಲಾದರು,
ಫಾರ್ಮಲಿನ್ನಿನ ವಾಸನೆ ಬದಲಾಗಲಿಲ್ಲ.
ಮೂರನೇ ಕಪಾಟು, ಕೆಳಗಿನ ಅರೆ:
ಸೈಲಸ್ ಪೆನ್‌ಹ್ಯಾಲೋ ಎಂಬವನ ಕ್ಯಾಟಲಾಗು,
ಬೆನ್ನೆಲುಬಿದ್ದ ಪ್ರಾಣಿಗಳ ಪಳೆಯುಳಿಕೆ, ಭಾಗ ಎರಡು.
ಭಾಗ ಒಂದನ್ನು ಗೆದ್ದಲು ಓದಿ ಮುಗಿಸಿದೆ.

ಕಂಪೆನಿ ಹೋಗಿ ರಾಣಿ ಬಂದ ಹೊಸತರಲ್ಲಿ
ಹಳೇ ಬಂದರಿನಲ್ಲಿ ಇಳಿದ, ಇಪ್ಪತ್ತಾರರ ಹುಡುಗ,
ಉಪ್ಪಿನ ಲೆಕ್ಕ ಬರೆಯುವ ಕೆಲಸಕ್ಕೆ.
ಬೆಳಗ್ಗೆ ಲೆಕ್ಕ. ಮಧ್ಯಾಹ್ನ ಸುತ್ತಿಗೆ ಹಿಡಿದು
ಕದ್ರಿ ಗುಡ್ಡೆ, ಬಾವುಟಗುಡ್ಡೆ,
ಎಲ್ಲಿ ಬಾವಿ ತೋಡಿದರೂ ಹಗ್ಗ ಕಟ್ಟಿ ಇಳಿಯುತ್ತಿದ್ದ.
ಮೂಳೆ ಬೇಕು ಅವನಿಗೆ. ಕಲ್ಲಾದ ಮೂಳೆ.
ಹೆಸರಿಲ್ಲದ್ದಾದರೆ ಇನ್ನೂ ಲೇಸು.

ಇಲ್ಲೇನಿದೆ? ಮುರಕಲ್ಲು.
ಕೊಯ್ಯುವಾಗ ಬೆಲ್ಲ, ಬಿಸಿಲು ಕುಡಿದ ಮೇಲೆ ಕಬ್ಬಿಣ.
ಗೋಡೆ ಕಟ್ಟಲು ಆದೀತು, ನೆನಪಿಡಲು ಆಗದು.
ಹೋದ ವರ್ಷ ಸತ್ತ ನಾಯಿಯ ಎಲುಬನ್ನೂ
ಹುಳಿಯಲ್ಲಿ ಕರಗಿಸಿ ಕೂತಿರುವ ಮಣ್ಣಿನಲ್ಲಿ
ಲಕ್ಷ ವರ್ಷದ ಆನೆ ಹುಡುಕಿದ, ಪಾಪ.
ಮುನ್ನುಡಿಯಲ್ಲಿ ಈ ಊರಿಗೆ ಕೊಟ್ಟದ್ದು ಅರ್ಧ ಸಾಲು:
‘ಎಂಟು ತಿಂಗಳು, ಏನೂ ಇಲ್ಲ.’

ಪೆಟ್ಟಿಗೆಯಲ್ಲಿ ಮಾತ್ರ ಹಲ್ಲುಗಳಿದ್ದವು,
ಕಛ್ ಕಡೆಯ ಸಿಪಾಯಿಯೊಬ್ಬ ಮಾರಿದ್ದು, ಪೂರಾ ಕಲ್ಲು.
ಗರಗಸದಂಚಿನವು ಒಂದು ಜಾತಿ,
ದಬ್ಬಳದಂತೆ ಬಾಗಿದವು ಇನ್ನೊಂದು.
ಒಂದಕ್ಕೆ ಗುರುವಿನ ಹೆಸರಿಟ್ಟ,
ಇನ್ನೊಂದಕ್ಕೆ, ಮುಲಾಜಿಗೆ, ಮಾವನಾಗಬೇಕಿದ್ದವನದು.

ಬೊಕ್ಕಪಟ್ಟಣದ ದೂಮ ಮರಕಾಲ,
ಮೀನಿಗೆ ಉಪ್ಪಿನ ಚೀಟಿ ಬೇಕೆಂದು ಜಗಲಿಯಲ್ಲಿ ಕಾದವನು,
ಮೇಜಿನ ಮೇಲಿನ ಎರಡು ರಾಶಿ ಕಂಡು ನಕ್ಕ.
ಮರುದಿನ ಹರಿದ ಬಲೆಯಲ್ಲಿ ಸುತ್ತಿ
ಒಂದು ತಾಟೆಯ ತಲೆ ತಂದ. ನೊಣಗಳೂ ಜೊತೆಗೆ ಬಂದವು.
ಬಾಯಿ ಅಗಲಿಸಿ, ಬೆರಳಿಟ್ಟು,
ಕೆಳಗೆ ಮುಟ್ಟಿ: ‘ಉಂದು ಪತ್ತೆರೆ.’
ಮೇಲೆ ಮುಟ್ಟಿ: ‘ಉಂದು ಕಡ್ಪೆರೆ.’
ಇದು ಹಿಡಿಯಲಿಕ್ಕೆ. ಇದು ಕೊಯ್ಯಲಿಕ್ಕೆ.

ಗುರುವೂ ಮಾವನೂ
ಒಂದೇ ಬಾಯಿಯೊಳಗೆ, ಎದುರುಬದುರು.

ಚೀಟಿ ಸಿಕ್ಕಿತೋ ಇಲ್ಲವೋ, ಬರೆದಿಲ್ಲ.

ಆಮೇಲಿನ ಮೂವತ್ತೊಂದು ವರ್ಷ
ಲಂಡನ್ನಿನ ನೆಲಮಾಳಿಗೆ, ಗ್ಯಾಸಿನ ದೀಪ,
ಹತ್ತೊಂಬತ್ತು ಸಾವಿರ ಮೂಳೆಚೂರು.
ಹೊಸ ಪ್ರಾಣಿ ಒಂದನ್ನೂ ಕಂಡುಹಿಡಿಯಲಿಲ್ಲ.
ಇದೂ ಅದೂ ಒಂದೇ,
ಅವನ ಇಡೀ ಕಸುಬನ್ನು ಹಿಂಡಿದರೆ ಇಷ್ಟು ರಸ.
ಪಂಡಿತರು ಅಕ್ಕರೆಯಿಂದ ಇಟ್ಟ ಹೆಸರುಗಳನ್ನು
ಕೆಂಪು ಶಾಯಿಯಲ್ಲಿ ಒಂದೊಂದಾಗಿ ಹೊಡೆದ.
ಮದುವೆ ಆಗಲಿಲ್ಲ.
ಮಾವನನ್ನೇ ಹೊಡೆದು ಹಾಕಿದ ಮೇಲೆ ಹೇಗೆ ಆದೀತು?

ಪುಟ ತೊಂಬತ್ತಾರು:
೪೧೭. ತಾಟೆ, ಕೆಳದವಡೆ. ೪೧೮ ನೋಡಿ.
೪೧೮. ಅದೇ, ಮೇಲ್ದವಡೆ. ೪೧೭ ನೋಡಿ.
ಕೊಟ್ಟವರು: ಮಂಗಳೂರಿನ ಒಬ್ಬ ಬೆಸ್ತ.

ದವಡೆಗಳು ಒಂದನ್ನೊಂದು ನೋಡುತ್ತ ಕೂತಿವೆ.
ಬೆಸ್ತನಿಗೆ ಯಾರನ್ನು ನೋಡಬೇಕೆಂದು ಬರೆದಿಲ್ಲ.

ಹೇಳಿಬಿಡುತ್ತೇನೆ: ದೂಮ ಎಂಬ ಹೆಸರು ನಾನಿಟ್ಟದ್ದು.
ಬೆಂಗ್ರೆಯಲ್ಲಿದ್ದ ನನ್ನ ಅಜ್ಜನ ಅಣ್ಣನದು.
ಜಗಲಿ, ನಗು, ನೊಣ, ಇವೂ
ಕಪಾಟು ಒರೆಸುತ್ತ ಒರೆಸುತ್ತ ಕೂಡಿಕೊಂಡವು.
ಪೆನ್‌ಹ್ಯಾಲೋ ನೋಡಿದ್ದರೆ
ಆಧಾರವಿಲ್ಲ ಎಂದು ಗೀಟು ಎಳೆಯುತ್ತಿದ್ದ,
ಅವನ ಕೆಲಸ ಅದು, ಸಿಟ್ಟಿಲ್ಲ.
ಅದಕ್ಕೇ ಪುಸ್ತಕದಲ್ಲಿ ಏನೂ ಗೀಚಿಲ್ಲ ನಾನು.
ಸಂಜೆ ಐದಕ್ಕೆ ಬೀಗ ಹಾಕುವಾಗ
ಒಮ್ಮೆ ಗಟ್ಟಿಯಾಗಿ ಕರೆಯುತ್ತೇನೆ, ಅಷ್ಟೆ.
ಗಾಜಿನ ಭರಣಿಗಳು ಸ್ವಲ್ಪ ಗುಂಯ್ ಎನ್ನುತ್ತವೆ.

ರಾತ್ರಿ ಬಂಗುಡೆ ಪುಳಿಮುಂಚಿ.
ತಟ್ಟೆಯಂಚಿಗೆ ಮುಳ್ಳು ಜೋಡಿಸುತ್ತೇನೆ,
ತಲೆ ಎಡಕ್ಕೆ, ಬಾಲ ಬಲಕ್ಕೆ, ಒಂದೂ ಬಿಡದೆ.
‘ಪ್ರೊಫೆಸರೇ, ಬೆಕ್ಕು ಕಾಯ್ತಾ ಉಂಟು,’
ವಾರಿಜ ಹೇಳುತ್ತಾಳೆ.
ಹಾಕುತ್ತೇನೆ.
ಅದು ಕೆಳಗಿನ ಹಲ್ಲಲ್ಲಿ ಹಿಡಿದು, ಮೇಲಿನದರಲ್ಲಿ ಒತ್ತಿ,
ಹಿತ್ತಿಲ ಮುರಕಲ್ಲ ಗೋಡೆ ಹತ್ತುತ್ತದೆ.